ದೂರಪ್ರಯಾಣದಲ್ಲಿ ಮೋಟಾರ್ ಸೈಕಲ್ ಎಂಜಿನಿನ ಸುತ್ತುವೇಗ: ಮೈಸೂರಿನ ಜಾವಾ ಗಾಡಿಯನ್ನು ಕುರಿತ ವಿವೇಚನೆ

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣಗಳ ಮೂಲಕ ಕೊಡಗಿಗೆ ಹೋಗುವ ಹೆದ್ದಾರಿಯಲ್ಲಾಗಲಿ, ಹೆಗ್ಗಡದೇವನಕೋಟೆಯನ್ನು ಹಾದು ಕಾಕನಕೋಟೆಯ ಕಾಡಿನ ನಡುವೆ ಬಾವಲಿಯತ್ತ ಸಾಗುವ ದಾರಿಯಲ್ಲಾಗಲಿ ಮೋಟಾರ್ ಸೈಕಲ್ಲನ್ನೇರಿ ಹೊರಟವನು ಗಂಟೆಗೆ ಎಷ್ಟು ಕಿಲೋಮೀಟರು ಓಡಿಸಬಹುದೆಂದು ಯೋಚಿಸುತ್ತಾನೆ. ಎಂಜಿನಿಗೆ ಈ ಲೆಕ್ಕ ತಿಳಿಯದು. ಅದಕ್ಕೆ ತಿಳಿದಿರುವುದು ತಾನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದ್ದೇನೆ, ಎಷ್ಟು ಭಾರವನ್ನು ಎಷ್ಟು ಹೊತ್ತು ಎಳೆಯುತ್ತಿದ್ದೇನೆ ಎಂಬುದಷ್ಟೆ. ಓಟದ ವೇಗ, ಸುತ್ತುವೇಗ ಇವೆರಡರ ಸಂಬಂಧವನ್ನು ವಿಶದಪಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕರಿಗೆ ಯಂತ್ರದ ಗೊಡವೆ ಏಕೆಂದು ವಾಚಕರು ಹುಬ್ಬೇರಿಸಬಹುದು. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಈ ಜಿಲ್ಲೆಯ ಕೈಗಾರಿಕಾ ಚರಿತ್ರೆಯ ಒಂದು ಮುಖ್ಯ ಅಧ್ಯಾಯ. ರುಸ್ತುಂ ಇರಾನಿ, ಫಾರೂಕ್ ಇರಾನಿಯವರು 1960ರಲ್ಲಿ ಸ್ಥಾಪಿಸಿದ ಈ ಸಂಸ್ಥೆ 1961ರಿಂದ ಜಾವಾ ಗಾಡಿಗಳನ್ನೂ ಅನಂತರ ಯೆಜ್ದಿ ಗಾಡಿಗಳನ್ನೂ ತಯಾರಿಸಿ 1996ರಲ್ಲಿ ಮುಚ್ಚಿತು. ಮೂಲ ಜಾವಾ ಸಂಸ್ಥೆಯನ್ನು ಜೆಕೊಸ್ಲೊವಾಕಿಯದಲ್ಲಿ 1929ರಲ್ಲಿ ಸ್ಥಾಪಿಸಿದವನು ಫ್ರಾಂಟಿಶೆಕ್ ಯಾನೆಚೆಕ್. ಅವನ ಹೆಸರಿನ ಮೊದಲಕ್ಷರಗಳೂ ವಾಂಡರರ್ ಎಂಬ ಜರ್ಮನ್ ಗಾಡಿಯ ಮೊದಲಕ್ಷರಗಳೂ ಕೂಡಿ ‘ಜಾವಾ’ ಆಯಿತು. ಕಾರ್ಖಾನೆಯ ವಿಷಯ ಕಾಗದಪತ್ರಗಳಲ್ಲಿ ಸಿಕ್ಕೀತು. ಆದರೆ ಆ ಗಾಡಿಯನ್ನು ಯಾವ ಗತಿಯಲ್ಲಿ ಓಡಿಸಿದರೆ ಕೈಕೊಡದು ಎಂಬ ತಿಳಿವಳಿಕೆ ಮಾತ್ರ ಬಹುಮಟ್ಟಿಗೆ ಮೆಕ್ಯಾನಿಕ್ಕುಗಳ ಬಾಯಲ್ಲಿಯೇ ಉಳಿದಿದೆ. ಅವರು ಹೇಳುವುದಕ್ಕೆ ಶಾಸ್ತ್ರದ ಆಧಾರವೂ ಇದೆ. ಅದನ್ನು ಬರೆದಿಡುವುದು ಚರಿತ್ರಕಾರನ ಕೆಲಸವೇ ಎಂದು ನಾವು ಭಾವಿಸುತ್ತೇವೆ.

ಮೊದಲು ಪಿಸ್ಟನ್ನಿನ ಚಲನೆಯನ್ನು ನೋಡೋಣ. ಜಾವಾ 250ರ ಸಿಲಿಂಡರಿನ ವ್ಯಾಸ 65 ಮಿಲಿಮೀಟರು, ಪಿಸ್ಟನ್ ಏರಿ ಇಳಿಯುವ ದೂರ 75 ಮಿಲಿಮೀಟರು. ಆ ಕಾಲದ ಮಾದರಿಯಲ್ಲಿ ನಿಮಿಷಕ್ಕೆ 4750 ಸುತ್ತಿನಲ್ಲಿ ಸುಮಾರು 12 ಅಶ್ವಶಕ್ತಿ ದೊರೆಯುತ್ತಿತ್ತು. ಒಂದು ಸುತ್ತಿಗೆ ಪಿಸ್ಟನ್ 150 ಮಿಲಿಮೀಟರು ಚಲಿಸುವುದರಿಂದ 4750 ಸುತ್ತಿನಲ್ಲಿ ಅದರ ಸರಾಸರಿ ವೇಗ ಸೆಕೆಂಡಿಗೆ ಹೆಚ್ಚುಕಡಿಮೆ 11.9 ಮೀಟರು. ಇದೇನೂ ವಿಪರೀತವಲ್ಲ. 90 ಮಿಲಿಮೀಟರು ಚಲಿಸುವ ಹಳೆಯ ಬುಲೆಟ್ 350ರಲ್ಲಿ, ಅದು ತನ್ನ ಪೂರ್ಣಶಕ್ತಿಯನ್ನು ಕೊಡುವ 5625 ಸುತ್ತಿನಲ್ಲಿ, ಇದು ಸುಮಾರು 16.9 ಮೀಟರು. ಸುತ್ತಿನ ಸಂಖ್ಯೆಯೊಂದನ್ನೇ ನೋಡಿ ಎರಡು ಎಂಜಿನುಗಳನ್ನು ಹೋಲಿಸಬಾರದೆಂಬುದು ಇದರಿಂದ ತಿಳಿಯುತ್ತದೆ. 8000 ಸುತ್ತು ತಿರುಗುವ ಪುಟ್ಟ ಸ್ಪ್ಲೆಂಡರಿನ ಪಿಸ್ಟನ್ ಚಲಿಸುವುದು 49.5 ಮಿಲಿಮೀಟರು ಮಾತ್ರ. ಆದುದರಿಂದ ಅದರ ಸರಾಸರಿ ವೇಗ 13.2 ಮೀಟರನ್ನು ದಾಟುವುದಿಲ್ಲ. ಕಿವಿಗೆ ಕೂಗುವಂತೆ ಕೇಳುವ ಎಂಜಿನು ದಣಿದಿರಲೇಬೇಕೆಂದಿಲ್ಲ.

ಆದರೆ ಸರಾಸರಿಯು ಅರ್ಧ ಸತ್ಯ. ಪಿಸ್ಟನ್ ಪ್ರತಿ ಸುತ್ತಿನಲ್ಲಿಯೂ ಎರಡು ಸಲ ಪೂರ್ತಿ ನಿಂತು ದಿಕ್ಕು ಬದಲಿಸಬೇಕು. ಹಾಗೆ ನಿಲ್ಲಿಸಿ ತಿರುಗಿಸಲು ಬೇಕಾದ ಬಲ ಸುತ್ತುವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸುತ್ತು ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಅದೇ ಜಾವಾವನ್ನು 4750ರ ಬದಲು 3400 ಸುತ್ತಿನಲ್ಲಿ ಓಡಿಸಿದರೆ ಕನೆಕ್ಟಿಂಗ್ ರಾಡು, ಬೇರಿಂಗುಗಳ ಮೇಲೆ ಈ ಬಲ ಹತ್ತಿರಹತ್ತಿರ ಅರ್ಧಕ್ಕೆ ಇಳಿಯುತ್ತದೆ. ಪೂರ್ಣಶಕ್ತಿಯ ಸುತ್ತಿನ ಮೂರರಲ್ಲಿ ಎರಡು ಪಾಲಿನಿಂದ ನಾಲ್ಕರಲ್ಲಿ ಮೂರು ಪಾಲಿನವರೆಗೆ ದೂರದ ಓಟಕ್ಕೆ ಹಿತವೆಂಬ ರೂಢಿಯ ಸೂತ್ರದ ತಿರುಳು ಇದು. ಜಾವಾಕ್ಕೆ ಈ ಮಿತಿ ಸುಮಾರು 3150ರಿಂದ 3550. 2021ರಲ್ಲಿ ಬಂದ ಕ್ಲಾಸಿಕ್ 350 ಗಾಡಿಗೆ ಪೂರ್ಣಶಕ್ತಿ 6100 ಸುತ್ತಿನಲ್ಲಿ. ಅದರ ಮೂರರಲ್ಲಿ ಎರಡು ಪಾಲು ಸುಮಾರು 4070. ಆ ಎಂಜಿನಿನ ಎಳೆತದ ಬಲ ಗರಿಷ್ಠವಾಗುವುದು 4000ದಲ್ಲಿ. ಎರಡೂ ಒಂದೇ ಕಡೆಗೆ ಬಂದು ನಿಲ್ಲುವುದು ಕೇವಲ ಆಕಸ್ಮಿಕವಲ್ಲ; ಸಿಲಿಂಡರು ಚೆನ್ನಾಗಿ ತುಂಬಿ ಉರಿಯುವ ಸ್ಥಾನ ಅದು.

ಹಾಗೆಂದು ಸುತ್ತು ಕಡಿಮೆಯಾದಷ್ಟೂ ಕ್ಷೇಮವೆಂದು ತಿಳಿಯುವುದು ತಪ್ಪು. ಸುಂಟಿಕೊಪ್ಪದಿಂದ ಮುಂದೆ ಮಡಿಕೇರಿಯ ಏರಿನಲ್ಲಿ ಗೇರು ಇಳಿಸಲು ಸೋಮಾರಿತನಪಟ್ಟು, ಆಕ್ಸಿಲರೇಟರನ್ನು ಪೂರ್ತಿ ತಿರುಗಿಸಿ ಎಂಜಿನನ್ನು ಉಬ್ಬಸಪಡಿಸುವವರನ್ನು ಈಗಲೂ ಕಾಣಬಹುದು. ಆಗ ಒಂದೊಂದು ಉರಿತದ ಹೊಡೆತವೂ ಪೂರ್ಣವಾಗಿ ಬೇರಿಂಗಿನ ಮೇಲೆ ಬೀಳುತ್ತದೆ, ಕಾವು ಏರುತ್ತದೆ, ಗಾಡಿ ನಿಧಾನವಾಗಿರುವುದರಿಂದ ಗಾಳಿಯ ತಂಪು ಸಾಲದು. ಒಂದು ಗೇರು ಇಳಿಸಿ ಸುತ್ತನ್ನು ಏರಿಸಿದರೆ ಎಂಜಿನು ಹಗುರವಾಗುತ್ತದೆ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಸುತ್ತಿಗಿಂತ ಈ ಅಭ್ಯಾಸವೇ ಹೆಚ್ಚು ಎಂಜಿನುಗಳನ್ನು ಕೆಡಿಸಿದೆ.

ಜಾವಾದಂಥ ಎರಡು ಹೊಡೆತದ ಎಂಜಿನಿನಲ್ಲಿ ಬೇರೊಂದು ಅಪಾಯವಿದೆ. ಅದು ಸವಾರನ ಪ್ರಾಣಕ್ಕೇ ಸಂಬಂಧಿಸಿದ್ದಾದುದರಿಂದ ಸ್ವಲ್ಪ ವಿಸ್ತರಿಸುತ್ತೇವೆ. ನಾಲ್ಕು ಹೊಡೆತದ ಎಂಜಿನಿನಲ್ಲಿ ಎಣ್ಣೆಯನ್ನು ಪಂಪು ಒದಗಿಸುತ್ತದೆ. ಸುತ್ತು ಹೆಚ್ಚಿದಂತೆ ಪೂರೈಕೆಯೂ ಹೆಚ್ಚುತ್ತದೆ. ಜಾವಾದಲ್ಲಿ ಎಣ್ಣೆಯನ್ನು ಪೆಟ್ರೋಲಿನೊಡನೆಯೇ ಬೆರೆಸಬೇಕು. ಪೆಟ್ರೋಲು ಒಳಹೋದಷ್ಟು ಮಾತ್ರ ಎಣ್ಣೆ. ಸವಾರನು ಮಡಿಕೇರಿಯಿಂದ ಸಂಪಾಜೆಯ ಘಾಟಿಯನ್ನು ಇಳಿಯುವಾಗ ಆಕ್ಸಿಲರೇಟರನ್ನು ಮುಚ್ಚಿ ಗೇರಿನಲ್ಲಿಯೇ ಗಾಡಿಯನ್ನು ಬಿಡುತ್ತಾನೆನ್ನಿ. ಚಕ್ರವು ಎಂಜಿನನ್ನು ರಭಸದಿಂದ ತಿರುಗಿಸುತ್ತಲೇ ಇರುತ್ತದೆ. ಎಣ್ಣೆ ಮಾತ್ರ ಬಹುತೇಕ ನಿಂತುಹೋಗಿರುತ್ತದೆ. ಸಮನೆಲದಲ್ಲಿಯೂ ಬಹು ಹೊತ್ತು ಪೂರ್ತಿ ವೇಗದಲ್ಲಿ ಓಡಿಸಿ ಥಟ್ಟನೆ ಮುಚ್ಚಿದರೆ ಹೀಗೆಯೇ ಆಗುತ್ತದೆ. ಪಿಸ್ಟನ್ ಅಲ್ಯೂಮಿನಿಯಮ್ ಮಿಶ್ರಲೋಹದ್ದು, ಸಿಲಿಂಡರು ಬೀಡುಕಬ್ಬಿಣದ್ದು. ಒಂದೇ ಕಾವಿಗೆ ಅಲ್ಯೂಮಿನಿಯಮ್ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ. 65 ಮಿಲಿಮೀಟರಿನ ಪಿಸ್ಟನ್ನಿನ ಕಾವು 100 ಡಿಗ್ರಿ ಏರಿದರೆ ಅದರ ವ್ಯಾಸ ಸುಮಾರು 0.15 ಮಿಲಿಮೀಟರು ಬೆಳೆಯುತ್ತದೆ. ಸಿಲಿಂಡರಿನದು ಅದರ ಅರ್ಧ. ನಡುವಿನ ತೆರಪು ಮುಗಿದು, ಎಣ್ಣೆಯ ಪೊರೆಯೂ ಹರಿದಾಗ ಪಿಸ್ಟನ್ ಗೋಡೆಗೆ ಕಚ್ಚಿಕೊಳ್ಳುತ್ತದೆ. ಮೆಕ್ಯಾನಿಕ್ಕುಗಳು ಇದನ್ನೇ ‘ಸೀಜ್ ಆಯಿತು’ ಎನ್ನುವುದು. ಎಂಜಿನು ನಿಂತೊಡನೆ ಹಿಂದಿನ ಚಕ್ರವೂ ಬಿಗಿದು ಗಾಡಿ ಜಾರುತ್ತದೆ. ಹಿಂದೆ ಬಸ್ಸು ಬರುತ್ತಿದ್ದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ಹಳಬ ಸವಾರರು ಎಡಗೈಯ ಎರಡು ಬೆರಳನ್ನು ಸದಾ ಕ್ಲಚ್ಚಿನ ಮೇಲಿಟ್ಟಿರುತ್ತಿದ್ದುದು ಇದಕ್ಕಾಗಿ. ದನಿ ಬಿಗಿಯುತ್ತಿರುವಂತೆ, ಗಾಡಿಯನ್ನು ಯಾರೋ ಹಿಂದಕ್ಕೆ ಜಗ್ಗಿದಂತೆ ತೋರಿದೊಡನೆ ಕ್ಲಚ್ಚನ್ನು ಹಿಡಿಯಬೇಕು. ಘಾಟಿಯ ಇಳಿಜಾರಿನಲ್ಲಿ ಆಗಾಗ್ಗೆ ಒಂದು ಕ್ಷಣ ಆಕ್ಸಿಲರೇಟರನ್ನು ತಿರುಗಿಸಿ ಎಣ್ಣೆಯ ಗುಟುಕನ್ನು ಕೊಡಬೇಕು. ಕ್ಲಚ್ಚನ್ನು ಹಿಡಿದೇ ಇಡೀ ಘಾಟಿಯನ್ನು ಇಳಿಯುವುದು ಮಾತ್ರ ಸಲ್ಲದು. ಎಂಜಿನಿನ ತಡೆಯಿಲ್ಲದೆ ಭಾರವೆಲ್ಲ ಬ್ರೇಕಿನ ಮೇಲೆ ಬಿದ್ದು ಅದು ಕಾಯುತ್ತದೆ.

ಜಾವಾದಲ್ಲಿ ಸುತ್ತುವೇಗವನ್ನು ತೋರಿಸುವ ಮುಳ್ಳು ಇರಲಿಲ್ಲ. ಅದಿಲ್ಲದೆಯೂ ಲೆಕ್ಕ ಹಾಕಬಹುದು. ಒಂದು ಗಾಡಿಯ ಹಿಂದಿನ ಚಕ್ರದ ಸುತ್ತಳತೆ 2 ಮೀಟರು, ಮೇಲಿನ ಗೇರಿನಲ್ಲಿ ಚಕ್ರದ ಒಂದು ಸುತ್ತಿಗೆ ಎಂಜಿನಿನ ಸುತ್ತು 6 ಎಂದು ಊಹಿಸೋಣ. ಎಂಜಿನು 4000 ಸುತ್ತು ತಿರುಗಿದರೆ ಗಾಡಿಯ ವೇಗ ಗಂಟೆಗೆ 80 ಕಿಲೋಮೀಟರು, 5000ಕ್ಕೆ 100. ಸುತ್ತು ಹೆಚ್ಚಿದ್ದು ಕಾಲುಭಾಗ ಮಾತ್ರ. ಆದರೆ ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾದುದರಿಂದ ಅದು ಹತ್ತಿರಹತ್ತಿರ ಇಮ್ಮಡಿಯಾಗುತ್ತದೆ. ಆ ಶಕ್ತಿಯ ಜೊತೆಗೆ ಹುಟ್ಟುವ ಕಾವನ್ನೂ ಅದೇ ಸಿಲಿಂಡರಿನ ರೆಕ್ಕೆಗಳೇ ಹೊರಹಾಕಬೇಕು. ಎದುರುಗಾಳಿಯಿದ್ದರೆ, ಹಿಂದೆ ಇನ್ನೊಬ್ಬರು ಕುಳಿತಿದ್ದರೆ ಲೆಕ್ಕ ಇನ್ನೂ ಕೆಡುತ್ತದೆ. ಮೇಲಿನ ಗೇರಿನಲ್ಲಿ ಆಕ್ಸಿಲರೇಟರನ್ನು ಇನ್ನಷ್ಟು ತಿರುಗಿಸಿದರೂ ವೇಗ ಏರದಿದ್ದರೆ ಎಂಜಿನು ತನ್ನ ಮಿತಿಯನ್ನು ಮುಟ್ಟಿದೆಯೆಂದೇ ಅರ್ಥ. ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಿ ನೋಡುವುದೂ ಉಪಯುಕ್ತ: ಕಾಫಿಪುಡಿಯ ಬಣ್ಣವಿದ್ದರೆ ಸರಿ, ಸುಣ್ಣದಂತೆ ಬೆಳ್ಳಗಿದ್ದರೆ ಕಾವು ಮೀರಿದೆ.

ಕಾನೂನಿನ ಮಿತಿಯನ್ನೂ ಇಲ್ಲಿ ನೆನೆಯಬೇಕು. 2018ರ ಕೇಂದ್ರ ಸರ್ಕಾರದ ಅಧಿಸೂಚನೆಯಂತೆ ವಿಭಜಕವುಳ್ಳ ನಾಲ್ಕು ಪಥದ ರಸ್ತೆಯಲ್ಲಿ ಮೋಟಾರ್ ಸೈಕಲ್ಲಿನ ಗರಿಷ್ಠ ವೇಗ 80 ಕಿಲೋಮೀಟರು, ಇತರ ರಸ್ತೆಗಳಲ್ಲಿ 60. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯಪಥದಲ್ಲಿ 2023ರ ಆಗಸ್ಟ್ 1ರಿಂದ ಮೋಟಾರ್ ಸೈಕಲ್ಲಿಗೆ ಪ್ರವೇಶವೇ ಇಲ್ಲ. ಪಕ್ಕದ ಸೇವಾರಸ್ತೆಯೇ ಗತಿ.

ಹುಣಸೂರು, ಕೋಟೆ ತಾಲ್ಲೂಕುಗಳ ಒಳರಸ್ತೆಗಳಲ್ಲಿ ಸುಗ್ಗಿಯ ನಂತರ ಇನ್ನೊಂದು ತೊಡಕುಂಟು. ರೈತರು ಹುರುಳಿಯ ಸೊಪ್ಪನ್ನು ಟಾರಿನ ಮೇಲೆ ಹರಡಿ ವಾಹನಗಳ ಚಕ್ರದಿಂದಲೇ ಒಕ್ಕಣೆ ಮಾಡಿಸಿಕೊಳ್ಳುತ್ತಾರೆ. ಅದರ ಬಳ್ಳಿ ಚಕ್ರಕ್ಕೂ ಚೈನಿಗೂ ಸುತ್ತಿಕೊಳ್ಳುತ್ತದೆ, ಕಾದ ಸೈಲೆನ್ಸರಿಗೆ ತಗುಲಿ ಹೊಗೆಯಾಡುತ್ತದೆ. ಅಲ್ಲಿ ಕೆಳಗಿನ ಗೇರಿನಲ್ಲಿ ನಿಧಾನವಾಗಿ ದಾಟಿ, ನಿಂತು, ಸಿಕ್ಕಿಕೊಂಡದ್ದನ್ನು ಬಿಡಿಸಿಕೊಂಡೇ ಮುಂದೆ ಹೋಗಬೇಕು.

ಕಾಕನಕೋಟೆಯ ಕಾಡುರಸ್ತೆಯ ಮಾತು ಬೇರೆ. ಖೆಡ್ಡಾಗಳಿಗೆ ಹೆಸರಾಗಿದ್ದ ಈ ಕಾಡಿನಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಕಬಿನಿಯ ಜಲಾಶಯ 1974ರಲ್ಲಿ ಸಿದ್ಧವಾದ ಮೇಲೆ ಆ ತಾಣಗಳು ನೀರಿನಡಿ ಸೇರಿದವು. ಆನೆಗಳೇನೋ ಇನ್ನೂ ಇವೆ. ಸಂಜೆ ಆರರಿಂದ ಬೆಳಗಿನ ಆರರವರೆಗೆ ಈ ರಸ್ತೆಯಲ್ಲಿ ವಾಹನಸಂಚಾರಕ್ಕೆ ನಿಷೇಧವಿರುವುದರಿಂದ, ಮೈಸೂರಿನಿಂದ ತಡವಾಗಿ ಹೊರಟವರು ಆರು ಗಂಟೆಗೆ ಮೊದಲೇ ದಾಟಬೇಕೆಂದು ಎಂಜಿನನ್ನು ಹಿಂಡುತ್ತಾರೆ. 30 ಕಿಲೋಮೀಟರನ್ನು ಗಂಟೆಗೆ 60ರಂತೆ ಕ್ರಮಿಸಲು 30 ನಿಮಿಷ ಬೇಕು, 75ರಂತೆ 24 ನಿಮಿಷ. ಮಿಕ್ಕುವುದು 6 ನಿಮಿಷ. ಅದಕ್ಕಾಗಿ ಗಾಳಿಯೆದುರು ಇಮ್ಮಡಿ ಶಕ್ತಿ ವ್ಯಯವಾಗುತ್ತದೆ. ಎಂಜಿನು ಅಲ್ಲಿ ಸೀಜ್ ಆದರೆ ತಣಿಯಲು ಅರ್ಧ ಗಂಟೆಯಾದರೂ ಕಾಯಬೇಕು. ಕಾಯುವ ಸ್ಥಳದಲ್ಲಿ ಆನೆಗಳು ರಸ್ತೆ ದಾಟುವ ಹೊತ್ತೂ ಅದೇ.