ರವಿಕೆ ಕಣದೊಳಗೊಂದು ಉಡುಗೊರೆ

ಮಗನ ಹುಟ್ಟುಹಬ್ಬ ಮುಗಿದ ಮರುದಿನ ಹಾಲ್ ಗುಡಿಸಿದರೆ ಒಂದು ಚೀಲದ ತುಂಬ ಮಿಂಚುವ ಕಾಗದ! ಹಳೇ ಪೇಪರ್ ಕೊಳ್ಳುವವನು ಒಂದು ಹಾಳೆಯನ್ನು ಮುಷ್ಟಿಯಲ್ಲಿ ಉಂಡೆ ಮಾಡಿ ಕೈಬಿಟ್ಟ. ಅದು ಚರಚರ ಎನ್ನುತ್ತ ಮತ್ತೆ ಅರಳಿಕೊಂಡಿತು. "ಇದು ಪೇಪರ್ ಅಲ್ಲಕ್ಕಾ, ಪ್ಲಾಸ್ಟಿಕ್ಕು. ಬೇಡ" ಎಂದು ಚೀಲ ವಾಪಸ್ ಕೊಟ್ಟ. ಬರೀ ಕಾಗದವಾದರೆ ಮುದುರಿದ್ದು ಮುದುರಿದಂತೆಯೇ ಇರುತ್ತದಂತೆ. ನೀವೂ ಮಾಡಿ ನೋಡಿ.

ಅತ್ತೆ ನೋಡುತ್ತಿದ್ದವರು ಒಳಗೆ ಹೋಗಿ, ಬೀರುವಿನಿಂದ ರವಿಕೆ ಕಣಗಳ ಕಟ್ಟನ್ನೇ ತಂದಿಟ್ಟರು. ಅರಿಶಿನ ಕುಂಕುಮಕ್ಕೆ, ಗೌರಿ ಬಾಗಿನಕ್ಕೆ, ಮದುವೆ ಮುಂಜಿಗೆ ಬಂದವು. ಹೊಲಿಸುವವರಿಲ್ಲ, ಮನೆಯಿಂದ ಮನೆಗೆ ತಿರುಗುವುದೇ ಅವುಗಳ ಕೆಲಸ. "ಇನ್ನು ಮೇಲೆ ಇದರಲ್ಲಿ ಕಟ್ಟು" ಎಂದರು.

ಜಪಾನಿನಲ್ಲಿ ಹೀಗೆ ಕಟ್ಟುವ ಚೌಕ ಬಟ್ಟೆಗೆ ಫುರೋಶಿಕಿ ಎಂಬ ಹೆಸರಿದೆ. ಫುರೋ ಎಂದರೆ ಸ್ನಾನ, ಶಿಕಿ ಎಂದರೆ ಹಾಸು. ಸ್ನಾನಗೃಹಕ್ಕೆ ಹೋದವರು ತಮ್ಮ ಬಟ್ಟೆಬರೆಯನ್ನು ಅದರಲ್ಲಿ ಗಂಟು ಕಟ್ಟಿಡುತ್ತಿದ್ದರು. 2006ರಲ್ಲಿ ಅಲ್ಲಿನ ಪರಿಸರ ಸಚಿವೆ ಯುರಿಕೋ ಕೊಯಿಕೆ ಪ್ಲಾಸ್ಟಿಕ್ ಚೀಲ ಬಿಟ್ಟು ಇದನ್ನು ಬಳಸಿ ಎಂದು ಪ್ರಚಾರ ಮಾಡಿದರು. ನಮ್ಮ ಅಜ್ಜಿಯರಿಗೆ ಗಂಟು ಕಟ್ಟಲು ಯಾವ ಸಚಿವರೂ ಹೇಳಬೇಕಾಗಿರಲಿಲ್ಲ ಬಿಡಿ.

ಕಟ್ಟುವುದು ಸುಲಭ. ಕಣ ಉದ್ದವಾಗಿದ್ದರೆ ಚೌಕಕ್ಕೆ ಮಡಿಸಿಕೊಳ್ಳಿ. ಒಂದು ಮೂಲೆ ನಿಮ್ಮ ಕಡೆ ಬರುವಂತೆ ಹಾಸಿ, ನಡುವೆ ಡಬ್ಬಿ ಇಡಿ. ಮೂಲೆಯಿಂದ ಮೂಲೆಗೆ ಅಳೆದರೆ ಬಟ್ಟೆ ಡಬ್ಬಿಯ ಉದ್ದದ ಮೂರರಷ್ಟಿರಲಿ. ಹತ್ತಿರದ ಮೂಲೆ, ಎದುರಿನ ಮೂಲೆ ಎರಡನ್ನೂ ಡಬ್ಬಿಯ ಮೇಲೆ ಹೊದಿಸಿ. ಉಳಿದೆರಡನ್ನು ಮೇಲೆ ತಂದು ಗಂಟು ಹಾಕಿ: ಮೊದಲು ಬಲತುದಿ ಎಡದ ಮೇಲೆ, ಆಮೇಲೆ ಅದೇ ತುದಿ, ಈಗ ಎಡಕ್ಕೆ ಬಂದದ್ದು, ಬಲದ ಮೇಲೆ. ಜಾರುವುದಿಲ್ಲ. ಎರಡು ಸಲವೂ ಒಂದೇ ದಿಕ್ಕಿಗೆ ಹಾಕಿದರೆ ಗಂಟು ಸೊಟ್ಟಗಾಗಿ ಸಡಿಲವಾಗುತ್ತದೆ. ನನಗೆ ಮೂರು ಸಲ ಹಾಗೇ ಆಯಿತು.

ಕಾಗದವೇ ಬೇಕೆಂದು ಮಕ್ಕಳು ಹಟ ಹಿಡಿದರೆ ಹಳೇ ಕ್ಯಾಲೆಂಡರಿನ ಬಿಳಿ ಬೆನ್ನಿದೆ. ಬೆಂಡೆಕಾಯಿ ಕತ್ತರಿಸಿ ಬಣ್ಣದಲ್ಲಿ ಅದ್ದಿ ಒತ್ತಿದರೆ ಹಾಳೆ ತುಂಬ ಹೂವು. ಟೇಪ್ ಮಾತ್ರ ಬೇಡ, ಬಿಚ್ಚುವಾಗ ಕಾಗದ ಹರಿಯುವುದೇ ಅದರಿಂದ. ಹೂ ಕಟ್ಟುವ ಬಾಳೆನಾರನ್ನು ನೆನೆಸಿ ಸುತ್ತಿ.

ಇಷ್ಟೆಲ್ಲ ಕಲಿತು, ಮಗನ ಗೆಳೆಯನ ಹುಟ್ಟುಹಬ್ಬಕ್ಕೆ ಪೆನ್ಸಿಲ್ ಡಬ್ಬಿಯನ್ನು ಹಸಿರು ಕಣದಲ್ಲಿ ಕಟ್ಟಿಕೊಟ್ಟೆ. ಮಗನ ಮುಖ ಸಣ್ಣಗಾಯಿತು. "ಎಲ್ಲರೂ ನಗ್ತಾರಮ್ಮ." ಅವನಿಗಾಗಿ ಮತ್ತೆ ಮಿಂಚುಕಾಗದ ತರಲೇ ಎಂದು ಒಂದು ಗಳಿಗೆ ಅನಿಸಿದ್ದೂ ನಿಜ. ಗಂಟು ಹಿಡಿದು ಹೋದ. ಇಬ್ಬರು ನಕ್ಕರಂತೆ. ರಾತ್ರಿ ಊಟ ಮಾಡದೆ ಮಲಗಿದ.

ಎರಡು ವಾರದ ಮೇಲೆ ಶಾಲೆಯಿಂದ ಓಡಿಬಂದ. "ಅಮ್ಮ, ಅವನು ದಿನಾ ಊಟದ ಡಬ್ಬಿನ ನಮ್ಮ ಹಸಿರು ಬಟ್ಟೇಲೇ ಕಟ್ಕೊಂಡು ಬರ್ತಾನೆ. ವಾಪಸ್ ಕೇಳ್ಲಾ?"

ಬೇಡ ಎಂದೆ.

"ಹಾಗಾದ್ರೆ ನಂಗೂ ಒಂದು ಕೊಡು."