ಮೌಸ್ ನಿಮ್ಮ ಮಗಳ ಕೈಗೂ ಬರಲಿ

ತಾಯಂದಿರೇ, ನಿಮ್ಮ ಮಗಳ ಶಾಲೆಯಲ್ಲಿ ಕಂಪ್ಯೂಟರ್ ಕೊಠಡಿ ಇದ್ದರೆ ಒಂದು ದಿನ ಹೋಗಿ ನೋಡಿ. ಒಂದೇ ಕಂಪ್ಯೂಟರಿನ ಮುಂದೆ ಮೂರ್ನಾಲ್ಕು ಮಕ್ಕಳು ಕುಳಿತಿರುವಾಗ ಮೌಸ್ ಯಾರ ಕೈಯಲ್ಲಿದೆ ಎಂಬುದನ್ನು ಗಮನಿಸಿ. ಹುಡುಗರು ಮುಂದೆ ಕುಳಿತು, ಹುಡುಗಿಯರು ಹಿಂದಿನಿಂದ ಇಣುಕುತ್ತಿದ್ದರೆ ಆಕೆ ಪರೀಕ್ಷೆಗೆ ಬೇಕಾದುದನ್ನು ಬಾಯಿಪಾಠ ಮಾಡಿಯಾಳು. ಆದರೆ ಕಂಪ್ಯೂಟರಿಗೆ ತಾನೇ ಆದೇಶ ಕೊಟ್ಟು ಕೆಲಸ ಮಾಡಿಸಿದ ಅನುಭವ ಆಕೆಗೆ ದಕ್ಕದು.

ಈ ಕೊರತೆಗೆ ಒಂದು ಸರಳ ಪರಿಹಾರವೇ ಶಾಲೆಯ ಕೋಡಿಂಗ್ ಕ್ಲಬ್. ಬ್ರಿಟನ್ನಿನಲ್ಲಿ ಕ್ಲೇರ್ ಸಟ್‌ಕ್ಲಿಫ್ ಮತ್ತು ಲಿಂಡಾ ಸಾಂಡ್ವಿಕ್ ಎಂಬಿಬ್ಬರು ಮಹಿಳೆಯರು 2012ರಲ್ಲಿ 'ಕೋಡ್ ಕ್ಲಬ್' ಆರಂಭಿಸಿದರು. ಶಾಲೆ ಬಿಟ್ಟ ಬಳಿಕ ವಾರಕ್ಕೊಂದು ತಾಸು, ಶುಲ್ಕವಿಲ್ಲ, ಹೇಳಿಕೊಡಲು ಸ್ವಯಂಸೇವಕರು. ಇಷ್ಟೇ ಅದರ ಬಂಡವಾಳ. ಅಲ್ಲಿ ಮಕ್ಕಳು ಮೊದಲು ಕಲಿಯುವುದು ಸ್ಕ್ರ್ಯಾಚ್. ಅಮೆರಿಕದ ಎಂಐಟಿ 2007ರಲ್ಲಿ ಹೊರತಂದ ಈ ತಂತ್ರಾಂಶ ಉಚಿತ. ಒಮ್ಮೆ ಹಾಕಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತದೆ.

ಅದರಲ್ಲಿ ಬಣ್ಣಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಬೇಕು. 'ನೂರು ಹೆಜ್ಜೆ ನಡೆ, 90 ಡಿಗ್ರಿ ತಿರುಗು' ಎಂಬುದನ್ನು ನಾಲ್ಕು ಬಾರಿ ಮಾಡಿಸಿದರೆ ಚೌಕ ಮೂಡುತ್ತದೆ. ಈಗ ತ್ರಿಭುಜ ಬರೆಯಲು ಹೇಳಿ. ಸಮಬಾಹು ತ್ರಿಭುಜದ ಕೋನ 60 ಡಿಗ್ರಿ ಎಂದು ಓದಿದ ಹುಡುಗಿ 60 ಎಂದೇ ಕೊಡುತ್ತಾಳೆ. ಮೂರು ಗೆರೆ ಮೂಡುತ್ತವೆ, ತ್ರಿಭುಜ ಮುಚ್ಚುವುದಿಲ್ಲ! ಅದು ಅರ್ಧ ಷಡ್ಭುಜ. ತಿರುಗಬೇಕಾದದ್ದು ಒಳಕೋನದಷ್ಟಲ್ಲ, ಹೊರಕೋನದಷ್ಟು, ಅಂದರೆ 120 ಎಂದು ಆಕೆಗೇ ಹೊಳೆಯುವ ಆ ಗಳಿಗೆಗೆ ಬೆಲೆ ಕಟ್ಟಲಾಗದು. ಅಲ್ಲಿ ಕೆಂಪು ಶಾಯಿಯಿಲ್ಲ, ಗದರಿಕೆಯಿಲ್ಲ. ತಪ್ಪಿದರೆ ಬದಲಿಸಿ ಮತ್ತೆ ನೋಡಿದರಾಯಿತು.

ಇದೆಲ್ಲ ಗಂಡುಮಕ್ಕಳಿಗೆ ಎನ್ನುವವರಿದ್ದಾರೆ. 1946ರಲ್ಲಿ ಜಗತ್ತಿಗೆ ತೋರಿಸಲಾದ ಎನಿಯಾಕ್ ಎಂಬ ಬೃಹತ್ ಕಂಪ್ಯೂಟರಿಗೆ ಪ್ರೋಗ್ರಾಂ ರಚಿಸಿದವರು ಆರು ಮಂದಿ ಯುವತಿಯರು. ಹೊಗಳಿಕೆಯೆಲ್ಲ ಯಂತ್ರ ಕಟ್ಟಿದ ಗಂಡಸರಿಗೆ ಹೋಯಿತು, ಇವರ ಹೆಸರು ದಶಕಗಳ ಕಾಲ ಮರೆಯಲ್ಲೇ ಉಳಿಯಿತು. (ಪ್ರೋಗ್ರಾಮಿನ ಜೀವಾಳವಾದ 'ಅಲ್ಗಾರಿದಂ' ಎಂಬ ಪದ ಬಂದದ್ದು 9ನೇ ಶತಮಾನದ ಬಾಗ್ದಾದಿನ ಗಣಿತಜ್ಞ ಅಲ್ ಖ್ವಾರಿಝ್ಮಿಯ ಹೆಸರಿನಿಂದ ಎಂಬುದನ್ನೂ ಮಗಳಿಗೆ ಹೇಳಿ.)

ಕ್ಲಬ್ಬಿಗೆ ಸೇರುವ ಹುಡುಗಿಯರೆಲ್ಲ ಇಂಜಿನಿಯರ್ ಆಗಲಾರರು, ಆಗಬೇಕಾಗಿಯೂ ಇಲ್ಲ. ಆದರೆ ಅದು ತನ್ನಿಂದಾಗದು ಎಂದು ಏಳನೇ ತರಗತಿಯಲ್ಲೇ ತೀರ್ಮಾನಿಸಿಬಿಡುವುದು ನಷ್ಟ. ಸಂಜೆ ತಡವಾಗುತ್ತದೆಂಬ ನಿಮ್ಮ ಆತಂಕ ಸಹಜವೇ. ಹಾಗಾದರೆ ಶನಿವಾರದ ತರಗತಿ ಮುಗಿದ ಕೂಡಲೇ ಒಂದು ತಾಸು ಇಡಲು ಕೇಳಿ. ಶಿಕ್ಷಕಿಯೊಬ್ಬರು ಜೊತೆಗಿರಲಿ. ಹತ್ತು ನಿಮಿಷಕ್ಕೊಮ್ಮೆ ಮೌಸ್ ಕೈ ಬದಲಾಗಲೇಬೇಕೆಂಬ ನಿಯಮವಿರಲಿ. ಇದೊಂದು ಇಲ್ಲದಿದ್ದರೆ ಕ್ಲಬ್ಬಿನಲ್ಲೂ ಹಳೆಯ ಕಥೆಯೇ. ಮನೆಯಲ್ಲೂ ಅಷ್ಟೇ, ಮಗನ ಕೈಗೆ ಮೊಬೈಲ್, ಮಗಳ ಕೈಗೆ ಪಾತ್ರೆ ಎಂದಾಗದಿರಲಿ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಮಾಧ್ಯಮಿಕ ಹಂತದಲ್ಲೇ ಕೋಡಿಂಗ್ ಪರಿಚಯಿಸುವ ಮಾತಾಡಿದೆ. ಮುಂದಿನ ಪೋಷಕರ ಸಭೆಯಲ್ಲಿ ಮುಖ್ಯೋಪಾಧ್ಯಾಯರೊಡನೆ ಇದನ್ನು ಪ್ರಸ್ತಾಪಿಸಿ. ಕಂಪ್ಯೂಟರ್ ಕೊಠಡಿಯ ಬೀಗದ ಕೈ ಯಾರ ಬಳಿ ಇರುತ್ತದೆ ಎಂದೂ ವಿಚಾರಿಸಿ ಬನ್ನಿ.