ತಿರುಳ್ಗನ್ನಡದ ಸೀಮೆಯಲ್ಲಿ ತಾಂಡಾದ ಮಗು

ತಿರುಳ್ಗನ್ನಡದ ನಾಡು ಯಾವುದೆಂದು ಹೇಳುವಾಗ ಕವಿರಾಜಮಾರ್ಗ ಹೆಸರಿಸುವ ನಾಲ್ಕು ಊರುಗಳಲ್ಲಿ ಪುಲಿಗೆರೆಯೂ ಒಂದು. ಅದೇ ಇಂದಿನ ಲಕ್ಷ್ಮೇಶ್ವರ. ಒಂಬತ್ತನೇ ಶತಮಾನದಲ್ಲಿಯೇ ಅಚ್ಚಗನ್ನಡಕ್ಕೆ ಹೆಸರಾಗಿದ್ದ ಈ ಸೀಮೆಯಲ್ಲಿ ಕನ್ನಡ ಬಾರದೆಯೇ ಒಂದನೇ ಇಯತ್ತೆಗೆ ಬರುವ ಮಕ್ಕಳಿದ್ದಾರೆಂದರೆ ಬೆಂಗಳೂರಿನವರು ನಂಬಲಿಕ್ಕಿಲ್ಲ.

ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಲಂಬಾಣಿ ತಾಂಡಾಗಳಲ್ಲಿ ಮನೆಮಾತು ಗೋರಬೋಲಿ. ಅದು ರಾಜಸ್ಥಾನದ ಕಡೆಯ ನುಡಿಗಳ ಬಳಗಕ್ಕೆ ಸೇರಿದ್ದು; ಸ್ವಂತ ಲಿಪಿಯಿಲ್ಲ. ಅವ್ವ ಅಲ್ಲಿ ‘ಯಾಡಿ’, ರೊಟ್ಟಿ ‘ಬಾಟಿ’, ನೀರು ‘ಪಾಣಿ’. ಅಪ್ಪನಿಗೆ ‘ಬಾ’ ಎನ್ನುತ್ತಾರೆ. ಮೊದಲ ದಿನ ಗುರುಗಳು ‘ಬಾ’ ಎಂದು ಕರೆದಾಗ ಮಗು ಅಪ್ಪ ಬಂದನೇನೋ ಎಂದು ಬಾಗಿಲ ಕಡೆ ನೋಡಿದರೆ ತಪ್ಪು ಯಾರದು? ಎರಡು ತಿಂಗಳು ಬಾಯಿ ಬಿಡದ ಆ ಮಗುವಿಗೆ ‘ದಡ್ಡ’ ಎಂಬ ಹಣೆಪಟ್ಟಿ ಬೀಳುತ್ತದೆ. ಲಕ್ಷ್ಮೇಶ್ವರದ ಉರ್ದು ಮನೆಮಾತಿನ ಮಗುವಿಗೆ ಉರ್ದು ಶಾಲೆಯಾದರೂ ಇದೆ. ಗೋರಬೋಲಿಗೆ ಅದೂ ಇಲ್ಲ.

ಇಂಥದೇ ತೊಡಕನ್ನು ಸಿಂಗಪುರದ ಚೀನೀಯರೂ ಕಂಡವರು. ಹೊರಗಿನವರ ಕಣ್ಣಿಗೆ ಚೀನೀಯರೆಲ್ಲ ಒಂದೇ. ಆದರೆ ಅಲ್ಲಿನ ಮನೆಗಳಲ್ಲಿ ಹೊಕ್ಕಿಯೆನ್, ತಿಯೋಚ್ಯೂ, ಕ್ಯಾಂಟನೀಸ್ ಎಂದು ಬೇರೆ ಬೇರೆ ಮಾತು. ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮ್ಯಾಂಡರಿನ್. ಹೆಚ್ಚಿನ ಮಕ್ಕಳು ಮನೆಯಲ್ಲಿ ಆಡದ ಭಾಷೆಗಳಲ್ಲಿಯೇ ಕಲಿಯುತ್ತಿದ್ದಾರೆಂದು 1979ರ ಗೋ ಕೆಂಗ್ ಸ್ವೀ ವರದಿ ಬೊಟ್ಟುಮಾಡಿತು. ಅದೇ ವರ್ಷ ಸರ್ಕಾರ ‘ಮ್ಯಾಂಡರಿನ್ ಆಡಿರಿ’ ಎಂಬ ಚಳವಳಿ ಹೂಡಿ ಮನೆಮಾತನ್ನೇ ಬದಲಿಸಹೊರಟಿತು. ಚಳವಳಿ ಗೆದ್ದಿತು. ಆದರೆ ಎಷ್ಟೋ ಮನೆಗಳಲ್ಲಿ ಅಜ್ಜಿಯ ಮಾತು ಮೊಮ್ಮಕ್ಕಳಿಗೆ ತಿಳಿಯದಾಯಿತು.

ತಾಂಡಾದಲ್ಲಿ ತೊಡಕು ಭಾಷೆಯೊಂದರದೇ ಅಲ್ಲ. ಸುಗ್ಗಿ ಮುಗಿದು ಕೆಲಸ ನಿಂತರೆ ಸಂಸಾರವೇ ಗಂಟುಮೂಟೆ ಕಟ್ಟಿಕೊಂಡು ಗೋವಾಕ್ಕೆ ದುಡಿಯಲು ಹೊರಡುತ್ತದೆ. ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರು ಉಳಿಯುತ್ತದೆ. ಮಗು ಕಟ್ಟಡದ ಮರಳ ರಾಶಿಯ ಮೇಲಿರುತ್ತದೆ. ಅಜ್ಜ-ಅಜ್ಜಿಯ ಬಳಿ ಬಿಟ್ಟುಹೋದ ಮಕ್ಕಳು ಓದಿನಲ್ಲಿ ಉಳಿದುಕೊಳ್ಳುವುದುಂಟು. ಬೆಟಗೇರಿಯ ನೇಕಾರರ ಮಗು ಹೀಗೆ ಊರು ಬಿಟ್ಟದ್ದಲ್ಲ. ಶಾಲೆಯಿಂದ ಬಂದು ಕಂಡಿಕೆ ಸುತ್ತುತ್ತಿತ್ತು. ಮಗ್ಗವೇ ಅದಕ್ಕೆ ಎರಡನೆಯ ಶಾಲೆಯಾಗಿತ್ತು.

ಮೈಸೂರು ಸೀಮೆಯ ಲಂಬಾಣಿಗರಿಗೆ ಮೊದಲೇ ಇದ್ದ ಪರಿಶಿಷ್ಟ ಜಾತಿಯ ಸೌಲಭ್ಯ ಈ ಭಾಗದವರಿಗೆ ದೊರೆತದ್ದು 1977ರಲ್ಲಿ. ಹಾಸ್ಟೆಲ್ಲು, ವಿದ್ಯಾರ್ಥಿವೇತನದ ಬಲದಿಂದ ತಾಂಡಾಗಳಿಂದಲೇ ಶಿಕ್ಷಕರು ಬಂದರು. ಅಂಥವರು ಸಿಕ್ಕ ಶಾಲೆಯಲ್ಲಿ ‘ಯಾಡಿ’ಯಿಂದ ‘ಅವ್ವ’ನಿಗೆ ದಾಟುವುದು ಎಷ್ಟು ಹೊತ್ತಿನ ಕೆಲಸ! ಆದರೆ ವರ್ಗಾವಣೆಯ ಕೌನ್ಸೆಲಿಂಗಿನಲ್ಲಿ ಲೆಕ್ಕಕ್ಕೆ ಬರುವುದು ಸೇವಾವಧಿ. ಗುರುಗಳ ಮನೆಮಾತನ್ನು ಯಾರೂ ಕೇಳುವುದಿಲ್ಲ.